ಮೂಗಿನ ಟ್ಯೂಬ್ ಮತ್ತೆ ಮತ್ತೆ ಕಟ್ಟುತ್ತಿತ್ತು: ಇಂಡಿ ತಾಲೂಕಿನ ಒಂದು ಮನೆಯ ಪ್ರಕರಣ

ರೋಗಿ 66 ವರ್ಷದ ರೈತರು. ಇಂಡಿ ತಾಲೂಕಿನ ಹಳ್ಳಿ. ನಿಂಬೆ ತೋಟವಿದೆ, ಸ್ವಲ್ಪ ಜೋಳದ ಹೊಲವಿದೆ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಹಳೆಯವು. ಮಾರ್ಚ್‌ನಲ್ಲಿ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಮಾತು ತೊದಲಿತು, ನುಂಗಲು ಆಗದಾಯಿತು. ವಿಜಯಪುರದ ಆಸ್ಪತ್ರೆಯೊಂದರಲ್ಲಿ ಎರಡು ವಾರ ಇದ್ದು, ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬ್ ಸಮೇತ ಮನೆಗೆ ಬಂದರು. ಆಗ ತೂಕ 55 ಕೆಜಿ. ನೋಡಿಕೊಳ್ಳುವವಳು ಸೊಸೆ. ಮಗನಿಗೆ ತೋಟದ ಕೆಲಸ, ಹೆಂಡತಿಗೆ ಮೊಣಕಾಲು ನೋವು.

ನಾನು ಮನೆಗಳಿಗೆ ಹೋಗಿ ಆರೈಕೆ ಮಾಡುವ ನರ್ಸ್. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಆ ಮನೆಯವರು ಹೇಳಿದ ತೊಂದರೆಗಳು ನಾಲ್ಕು. ಟ್ಯೂಬ್ ಕಟ್ಟುತ್ತದೆ, ಭೇದಿ ಆಗುತ್ತಿದೆ, ಕೆಮ್ಮು ಬರುತ್ತಿದೆ, ಮನುಷ್ಯ ಸೊರಗುತ್ತಿದ್ದಾರೆ. ನಾಲ್ಕಕ್ಕೂ ಟ್ಯೂಬನ್ನೇ ದೂರುತ್ತಿದ್ದರು. "ಈ ಪೈಪ್ ಸರಿ ಇಲ್ಲ, ಬ್ಯಾರೇದು ಹಾಕಸ್ರಿ" ಎನ್ನುವುದು ಮಗನ ಮಾತು. ಟ್ಯೂಬ್ ಸರಿಯಾಗಿಯೇ ಇತ್ತು. ಅದರೊಳಗೆ ಏನು ಹೋಗುತ್ತಿದೆ, ಹೇಗೆ ಹೋಗುತ್ತಿದೆ, ಆಗ ರೋಗಿ ಹೇಗೆ ಮಲಗಿದ್ದಾರೆ ಎಂದು ಕೂತು ನೋಡಿದ ಮೇಲೆ ಒಂದೊಂದೇ ಕಾರಣ ಕಂಡಿತು. ಮನೆಯಲ್ಲಿ ಟ್ಯೂಬ್ ಊಟ ಕೊಡುವವರೆಲ್ಲರಿಗೂ ಈ ವಿವರ ಬೇಕಾಗುತ್ತದೆ ಅನ್ನಿಸಿತು.

ಬೆಳಗಿನ ಫೋನ್

"ಅಕ್ಕಾರ, ಪೈಪ್ ಕಟ್ಟೇತ್ರಿ. ನೀರ ಹೋಗವಲ್ದು. ಮಾವಾರು ಮುಂಜಾನಿಂದ ಉಪಾಸ ಅದಾರ್ರಿ."

ನಾನು ಮೊದಲು ಕೇಳಿದ್ದು ಟ್ಯೂಬಿನ ಬಗ್ಗೆ ಅಲ್ಲ. "ತಂಗಿ, ಇನ್ಸುಲಿನ್ ಕೊಟ್ಟೀಯೇನು?" ಎಂದೆ. ಕೊಟ್ಟಿದ್ದಳು. ಏಳಕ್ಕೆ ಇಂಜೆಕ್ಷನ್ ಆಗಿತ್ತು. ಏಳೂವರೆಗೆ ಗಂಜಿ ಹಾಕಲು ಹೋದರೆ ಟ್ಯೂಬ್ ಬಂದ್.

ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಇದು ನಿಜವಾದ ಅಪಾಯ. ಇನ್ಸುಲಿನ್ ಚರ್ಮದಿಂದ ಒಳಗೆ ಹೋಗಿಬಿಟ್ಟಿದೆ, ತನ್ನ ಕೆಲಸ ಶುರು ಮಾಡಿದೆ. ಊಟಕ್ಕೆ ದಾರಿ ಇಲ್ಲ. ಗ್ಲೂಕೋಮೀಟರ್‌ನಲ್ಲಿ ನೋಡಿಸಿದೆ, 82 ಬಂತು. ಕಾಲು ಗಂಟೆಗೊಮ್ಮೆ ನೋಡುತ್ತಿರು, 70ಕ್ಕಿಂತ ಕೆಳಗೆ ಇಳಿದರೆ ಅಥವಾ ಮಂಪರು, ಬೆವರು, ನಡುಕ ಕಂಡರೆ ನನ್ನ ದಾರಿ ಕಾಯಬೇಡ, 108ಕ್ಕೆ ಫೋನ್ ಮಾಡು ಎಂದೆ. ಬಾಯಿಗೆ ಸಕ್ಕರೆ ನೀರು ಹಾಕಬೇಡ ಎಂದು ಎರಡು ಸಲ ಹೇಳಿದೆ. ನುಂಗಲಾಗದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಅಂದಿನಿಂದ ಆ ಮನೆಯಲ್ಲಿ ಒಂದು ಕ್ರಮ ಮಾಡಿದೆವು. ಮೊದಲು ಟ್ಯೂಬಿಗೆ ನೀರು ಹಾಕಿ ನೋಡುವುದು, ಅದು ಸಲೀಸಾಗಿ ಇಳಿದ ಮೇಲೆ ಇನ್ಸುಲಿನ್. ಡಾಕ್ಟರೂ ಇದಕ್ಕೆ ಒಪ್ಪಿದರು.

ನಾನು ಹೋಗುವಷ್ಟರಲ್ಲಿ ಮನೆ ತುಂಬ ಸಲಹೆಗಾರರು ಸೇರಿದ್ದರು. ಒಬ್ಬರು ಕಸಬರಿಗೆ ಕಡ್ಡಿ ಹಾಕಿ ಚುಚ್ಚಿ ಎನ್ನುತ್ತಿದ್ದರು. ಇನ್ನೊಬ್ಬರು ಕೋಲಾ ಬಾಟಲಿ ತಂದಿದ್ದರು. ಮಗ 5 ಮಿಲೀ ಸಿರಿಂಜ್ ಹಿಡಿದು ಹೆಬ್ಬೆರಳಿನಿಂದ ಜೋರಾಗಿ ಒತ್ತುತ್ತಿದ್ದ. ಮೂರನ್ನೂ ನಿಲ್ಲಿಸಿದೆ. ಕಡ್ಡಿ ಟ್ಯೂಬನ್ನು ತೂತು ಮಾಡಿ ಒಳಗಿನ ಮೆತ್ತನೆಯ ಪದರಕ್ಕೆ ಚುಚ್ಚಬಹುದು. ಕೋಲಾ ಹುಳಿ ಪಾನೀಯ. ಟ್ಯೂಬಿನಲ್ಲಿ ಹಾಲಿನ ಅಂಶ ಇದ್ದರೆ ಅದು ಒಡೆದು ಗಟ್ಟಿಯಾಗಿ ಇನ್ನೂ ಬಿಗಿಯುತ್ತದೆ. ಸಣ್ಣ ಸಿರಿಂಜ್ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಬೆರಳು, ಅದೇ ಬಲ ಇದ್ದರೂ ಸಿರಿಂಜ್ ಸಣ್ಣದಾದಷ್ಟೂ ಒತ್ತಡ ಜಾಸ್ತಿ. ಟ್ಯೂಬ್ ಒಡೆಯಬಹುದು. ಟ್ಯೂಬಿಗೆ 50 ಅಥವಾ 60 ಮಿಲೀ ಸಿರಿಂಜೇ ಬೇಕು.

ತೆಗೆದದ್ದು ಹೀಗೆ. ಮೊದಲು ಮೂಗಿನ ಹತ್ತಿರದ ಗುರುತು ನೋಡಿದೆ. ಡಿಸ್‌ಚಾರ್ಜ್ ಕಾಗದದಲ್ಲಿ 55 ಸೆಂ.ಮೀ. ಎಂದಿತ್ತು, ಅಲ್ಲೇ ಇತ್ತು. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದೆ, ಗಂಟಲಲ್ಲಿ ಸುರುಳಿ ಸುತ್ತಿರಲಿಲ್ಲ. ಹೊರಗೆ ಎಲ್ಲೂ ಮಡಚಿರಲಿಲ್ಲ. ಮಡಚಿದ ಟ್ಯೂಬನ್ನೇ ಕಟ್ಟಿದೆ ಅಂದುಕೊಂಡು ಒದ್ದಾಡಿದ ಮನೆಗಳನ್ನೂ ಕಂಡಿದ್ದೇನೆ. ಆಮೇಲೆ ಖಾಲಿ ದೊಡ್ಡ ಸಿರಿಂಜ್ ಹಚ್ಚಿ ಮೆಲ್ಲಗೆ ಹಿಂದಕ್ಕೆ ಎಳೆದೆ. ಕೈಗೆ ಹಿತವಾಗುವಷ್ಟು ಬಿಸಿನೀರು ತುಂಬಿ ಸ್ವಲ್ಪ ಒತ್ತುವುದು, ಸ್ವಲ್ಪ ಎಳೆಯುವುದು, ಹೀಗೆ ಆಡಿಸಿದೆ. ಹೊರಗಿನ ಉದ್ದವನ್ನು ಬೆರಳುಗಳ ನಡುವೆ ಹಿಸುಕುತ್ತಾ ಬಂದೆ. ನೀರು ಒಳಗಿರುವಾಗಲೇ ಕಾಲು ಗಂಟೆ ಟ್ಯೂಬಿನ ಬಾಯಿ ಮುಚ್ಚಿ ಬಿಟ್ಟೆ. ಮತ್ತೆ ಅದೇ. ಅರ್ಧ ಗಂಟೆಯಲ್ಲಿ ಬಿಡದಿದ್ದರೆ ಆಸ್ಪತ್ರೆಗೆ ಹೋಗಿ ಬದಲಿಸುವುದೇ ಸರಿ ಎಂದು ಮಗನಿಗೆ ಮೊದಲೇ ಹೇಳಿದ್ದೆ. ಆವತ್ತು ಬಿಟ್ಟಿತು. ಸಕ್ಕರೆ ಅಷ್ಟರಲ್ಲಿ 74ಕ್ಕೆ ಇಳಿದಿತ್ತು.

ಸಿರಿಂಜಿಗೆ ಬಂದದ್ದು ಗಂಜಿ ಅಲ್ಲ. ಬೆಳ್ಳಗಿನ, ಲೋಳೆಯಂಥ ಉಂಡೆ.

ರಾತ್ರಿಯ ಮಾತ್ರೆ

ಯಾವಾಗ ಕಟ್ಟುತ್ತದೆ ಎಂದು ಕೇಳಿದೆ. ಸೊಸೆ ಯೋಚಿಸಿ, "ಯಾವಾಗ್ಲೂ ಮುಂಜಾನೇನ ರೀ" ಎಂದಳು. ಅಲ್ಲಿ ಸುಳಿವು ಸಿಕ್ಕಿತು. ಬೆಳಿಗ್ಗೆ ಕಟ್ಟಿದೆ ಎಂದರೆ ರಾತ್ರಿ ಕೊನೆಗೆ ಹೋದದ್ದು ಏನು?

ರಾತ್ರಿ ಕೊನೆಗೆ ಹೋಗುತ್ತಿದ್ದದ್ದು ಮಾತ್ರೆಗಳು. ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಕಲ್ಲಿನಲ್ಲಿ ಕುಟ್ಟಿ, ಎರಡು ಚಮಚ ನೀರಿನಲ್ಲಿ ಕದಡಿ ಹಾಕುತ್ತಿದ್ದಳು. ಹಾಕಿದ ಮೇಲೆ ನೀರು ಬಿಡುತ್ತಿರಲಿಲ್ಲ. ಪಟ್ಟಿಗಳನ್ನು ತರಿಸಿ ನೋಡಿದೆ. ಸಕ್ಕರೆಯ ಮಾತ್ರೆ ಮೆಟ್‌ಫಾರ್ಮಿನ್, ಹೆಸರಿನ ಪಕ್ಕದಲ್ಲಿ 'ಎಸ್‌ಆರ್' ಎಂದಿತ್ತು. ಅಂದರೆ ಔಷಧಿ ನಿಧಾನವಾಗಿ, ಗಂಟೆಗಟ್ಟಲೆ ಬಿಡುಗಡೆ ಆಗುವ ಮಾತ್ರೆ. ಇಂಥ ಮಾತ್ರೆಗಳಲ್ಲಿ ನೀರು ತಾಗಿದರೆ ಉಬ್ಬಿ ಲೋಳೆಯಾಗುವ ವಸ್ತು ಸೇರಿಸಿರುತ್ತಾರೆ. ಆ ಲೋಳೆಯೊಳಗಿಂದ ಔಷಧಿ ಮೆಲ್ಲಗೆ ಹೊರಬರಲಿ ಎಂಬುದು ಉದ್ದೇಶ. ಕುಟ್ಟಿ ಟ್ಯೂಬಿಗೆ ಹಾಕಿದರೆ ಆ ಲೋಳೆ ಟ್ಯೂಬಿನಲ್ಲೇ ಆಗುತ್ತದೆ. ರಾತ್ರಿಯಿಡೀ ಅಲ್ಲೇ ನಿಂತು, ಬೆಳಿಗ್ಗೆ ಬಿರಡೆಯಾಗುತ್ತದೆ.

ಇನ್ನೂ ಒಂದು ನಷ್ಟ ಇದೆ. ಕುಟ್ಟಿದ ಕೂಡಲೇ ಅದು ನಿಧಾನದ ಮಾತ್ರೆಯಾಗಿ ಉಳಿಯುವುದಿಲ್ಲ. ಇಡೀ ದಿನಕ್ಕೆಂದು ಇಟ್ಟ ಔಷಧಿ ಒಂದೇ ಸಲ ಇಳಿಯುತ್ತದೆ. ಮೆಟ್‌ಫಾರ್ಮಿನ್‌ಗೆ ಭೇದಿ ತರುವ ಗುಣ ಮೊದಲೇ ಇದೆ, ಪ್ರಮಾಣ ಒಮ್ಮೆಲೇ ಬಿದ್ದರೆ ಇನ್ನೂ ಹೆಚ್ಚು. ಅವರ ಎರಡನೇ ದೂರಿಗೆ ಅರ್ಧ ಉತ್ತರ ಇಲ್ಲೇ ಇತ್ತು.

ಗ್ಯಾಸಿನ ಮಾತ್ರೆ ಪ್ಯಾಂಟೊಪ್ರಜೋಲ್‌ಗೆ, ಆಸ್ಪಿರಿನ್‌ಗೆ ಹೊಟ್ಟೆಯ ಆಮ್ಲದಲ್ಲಿ ಕರಗದ ಹೊದಿಕೆ ಇತ್ತು. ಅವನ್ನೂ ಕುಟ್ಟುತ್ತಿದ್ದಳು. ಪ್ಯಾಂಟೊಪ್ರಜೋಲ್ ಹೊದಿಕೆ ಹೋದರೆ ಆಮ್ಲದಲ್ಲಿ ಹಾಳಾಗುತ್ತದೆ, ಕೊಟ್ಟರೂ ಕೊಡದಂತೆ. ಇದನ್ನೆಲ್ಲ ಮನೆಯವರು ಹೇಗೆ ತಿಳಿಯಬೇಕು? ಮಾತ್ರೆ ಬರೆಯುವಾಗ 'ಇವರಿಗೆ ಟ್ಯೂಬ್ ಇದೆ' ಎಂದು ಬರೆದುಕೊಡುವವರು ನೆನಪಿಡಬೇಕು. ಡಾಕ್ಟರ್‌ಗೆ ಫೋನಿನಲ್ಲಿ ಪಟ್ಟಿ ಓದಿ ಹೇಳಿದೆ. ಅವರು ಅದೇ ದಿನ ಸಾದಾ ಮೆಟ್‌ಫಾರ್ಮಿನ್‌ಗೆ, ನೀರಿನಲ್ಲಿ ಕರಗುವ ಆಸ್ಪಿರಿನ್‌ಗೆ ಬದಲಿಸಿದರು. ಗ್ಯಾಸಿನ ಮಾತ್ರೆಯ ರೂಪವನ್ನೂ ಬದಲಿಸಿದರು. ಯಾವ ಮಾತ್ರೆಯನ್ನೂ ಮನೆಯವರೇ ನಿಲ್ಲಿಸಬಾರದು, ಬದಲಿಸಬಾರದು. ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್ ಎಂಬ ಅಕ್ಷರ ಕಂಡರೆ ಕುಟ್ಟುವ ಮೊದಲು ಕೇಳಬೇಕು, ಅಷ್ಟೇ.

ಮಾತ್ರೆ ಕೊಡುವ ಕ್ರಮವೂ ಬದಲಾಯಿತು. ಒಂದೊಂದನ್ನೇ ನುಣ್ಣಗೆ ಪುಡಿ ಮಾಡಿ, ಬೇರೆ ಬೇರೆಯಾಗಿ ನೀರಿನಲ್ಲಿ ಕದಡಿ ಹಾಕುವುದು. ಎರಡರ ನಡುವೆ 10 ಮಿಲೀ ನೀರು. ಎಲ್ಲ ಮುಗಿದ ಮೇಲೆ 30 ಮಿಲೀ. ಗಂಜಿಯಲ್ಲಿ ಮಾತ್ರೆ ಬೆರೆಸುವುದೇ ಇಲ್ಲ.

ಗಂಜಿಯ ಲೆಕ್ಕ

ಊಟ ಕೊಡುವುದನ್ನು ಕೂತು ನೋಡಿದೆ. ಸೊಸೆ ಶ್ರದ್ಧೆಯ ಹೆಣ್ಣುಮಗಳು. ಕೈ ತೊಳೆದಳು, ಸಿರಿಂಜ್ ಬಿಸಿನೀರಲ್ಲಿ ತೊಳೆದಳು. ಆದರೆ ಗಂಜಿಯ ಹಿಂದೆ ಮುಂದೆ ನೀರು ಹಾಕಲಿಲ್ಲ. ಯಾಕೆ ಎಂದರೆ, "ನೀರಿನಾಗೇ ಹೊಟ್ಟಿ ತುಂಬಿದ್ರ ಗಂಜಿ ಹಿಡಿಯಂಗಿಲ್ಲಲ್ರಿ" ಎಂದಳು. ಅವಳ ಲೆಕ್ಕ ತಪ್ಪೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಊಟಕ್ಕೆ ಮೊದಲು 30 ಮಿಲೀ, ನಂತರ 30 ಮಿಲೀ, ಎರಡೂ ಸೇರಿ ಅರ್ಧ ಲೋಟವೂ ಆಗುವುದಿಲ್ಲ. ಅದು ಟ್ಯೂಬ್ ತೊಳೆಯುತ್ತದೆ, ರೋಗಿಗೆ ಬೇಕಾದ ನೀರೂ ಹೌದು. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರು ಕಡಿಮೆ ಮಾಡಿದ್ದರೆ ಮಾತ್ರ ಡಾಕ್ಟರನ್ನು ಕೇಳಿ ಪ್ರಮಾಣ ಗೊತ್ತು ಮಾಡಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಗಂಜಿಯೇ. ಮೊದಲೆಲ್ಲ ಗಟ್ಟಿ ಮಾಡುತ್ತಿದ್ದಳಂತೆ. ಟ್ಯೂಬ್ ಕಟ್ಟಿದ ಹೆದರಿಕೆಗೆ ತೆಳ್ಳಗೆ ಮಾಡಿದಳು. ಮತ್ತೆ ಕಟ್ಟಿತು, ಇನ್ನೂ ತೆಳ್ಳಗೆ ಮಾಡಿದಳು. ಈಗ ಒಂದು ಲೋಟಕ್ಕೆ ಎರಡು ಸಣ್ಣ ಚಮಚ ಜೋಳದ ಹಿಟ್ಟು, ಸುಮಾರು 10 ಗ್ರಾಂ. ಜೋಳದ ಹಿಟ್ಟಿನ 100 ಗ್ರಾಂನಲ್ಲಿ 350 ಕ್ಯಾಲೊರಿ ಹತ್ತಿರ ಇರುತ್ತದೆ. ಅಂದರೆ ಲೋಟಕ್ಕೆ 35. ದಿನಕ್ಕೆ ಆರು ಲೋಟ, 210. ಎರಡು ಲೋಟ ಹಾಲು ಸೇರಿಸಿದರೂ ಒಟ್ಟು 500 ದಾಟುವುದಿಲ್ಲ. 55 ಕೆಜಿಯ ಮನುಷ್ಯನಿಗೆ ಕೆಜಿಗೆ 25ರಿಂದ 30 ಹಿಡಿದರೂ 1,400ರಿಂದ 1,650 ಬೇಕು. ಹೊಟ್ಟೆ ತುಂಬಿದಂತೆ ಕಾಣುತ್ತಿತ್ತು. ಮನುಷ್ಯ ಉಪವಾಸ ಇದ್ದರು. ಮಗ ಅಪ್ಪನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತ, ಅವನ ತೂಕ ಕಳೆದು ನೋಡಿದರೆ 51 ಕೆಜಿ.

ಗಟ್ಟಿಯಾದರೆ ಕಟ್ಟುತ್ತದೆ, ತೆಳ್ಳಗಾದರೆ ಸೊರಗುತ್ತಾರೆ. ಈ ಇಕ್ಕಟ್ಟಿಗೆ ನಮ್ಮ ಅಡುಗೆಮನೆಯಲ್ಲೇ ಉತ್ತರ ಇದೆ, ಮೊಳಕೆ ಕಟ್ಟಿದ ಹಿಟ್ಟು. ಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿಟ್ಟುಕೊಳ್ಳಬೇಕು. ಗಟ್ಟಿ ಗಂಜಿ ಬೆಚ್ಚಗಿರುವಾಗ ಈ ಹಿಟ್ಟು ಒಂದು ಚಮಚ ಕಲಸಿದರೆ ನೋಡನೋಡುತ್ತಲೇ ಗಂಜಿ ನೀರಾಗುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಹಿಟ್ಟಿನ ಪಿಷ್ಟವನ್ನು ತುಂಡರಿಸುತ್ತದೆ. ಕ್ಯಾಲೊರಿ ಅಷ್ಟೇ ಇರುತ್ತದೆ, ಅಂಟು ಮಾತ್ರ ಹೋಗುತ್ತದೆ. ಹೆಚ್ಚು ಹುರಿದರೆ ಕಿಣ್ವ ಸಾಯುತ್ತದೆ, ಕುದಿಯುವ ಗಂಜಿಗೆ ಹಾಕಿದರೂ ಸಾಯುತ್ತದೆ. ಕಲಸಿ, ತೆಳ್ಳಗಾದ ಮೇಲೆ ಒಂದು ಕುದಿ ಕುದಿಸಿ ಆರಿಸಿದರೆ ಸರಿ.

ಸೊಸೆ ಕೂಡಲೇ ಜೋಳವನ್ನೇ ಮೊಳಕೆ ಕಟ್ಟಲೇ ಎಂದು ಕೇಳಿದಳು. ಬೇಡ ಎಂದೆ. ಎಳೆ ಜೋಳದ ಪೈರು ತಿಂದ ದನ ಸಾಯುತ್ತದೆ ಎಂಬುದು ಅವರ ಮನೆಯ ಎಲ್ಲರಿಗೂ ಗೊತ್ತು. ಆ ವಿಷದ ಅಂಶ ಜೋಳದ ಮೊಳಕೆಯ ಕುಡಿಯಲ್ಲೂ ಇರುತ್ತದೆ. ಗೋಧಿ ಅಥವಾ ರಾಗಿ ಸಾಕು. ಮಾವನವರು ಅಲ್ಲೇ ಮಲಗಿ ಕೇಳುತ್ತಿದ್ದರು, ತಲೆ ಆಡಿಸಿದರು.

ಗಂಜಿಗೆ ಹೆಸರುಬೇಳೆ ಸೇರಿಸಿದೆವು, ಹಾಲಿನ ಪುಡಿ ಸೇರಿಸಿದೆವು, ಪ್ರತಿ ಊಟಕ್ಕೆ ಒಂದು ಚಮಚ ಎಣ್ಣೆ. ಆ ಚಮಚ ಎಣ್ಣೆಯೇ 45 ಕ್ಯಾಲೊರಿ. ಎಲ್ಲ ಮಿಕ್ಸಿಯಲ್ಲಿ ತಿರುವಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿಯೇ ಹಾಕುವುದು. ಆದರೆ ಒಂದೇ ದಿನ ಜಾಸ್ತಿ ಮಾಡಲಿಲ್ಲ. ವಾರಗಟ್ಟಲೆ ಅರೆಹೊಟ್ಟೆ ಇದ್ದವರಿಗೆ ಒಮ್ಮೆಲೇ ಪೂರ್ತಿ ಊಟ ಕೊಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯ. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, ಹಂತಹಂತವಾಗಿ ಏರಿಸಲು ಹೇಳಿದರು. ಊಟ ಹೆಚ್ಚಿದಂತೆ ಇನ್ಸುಲಿನ್ ಪ್ರಮಾಣವನ್ನೂ ಅವರೇ ಸರಿಮಾಡಿದರು.

ಭೇದಿಯ ಉಳಿದರ್ಧ ಕಾರಣವೂ ಅಡುಗೆಮನೆಯಲ್ಲೇ ಸಿಕ್ಕಿತು. ಬೆಳಿಗ್ಗೆ ಒಂದೇ ಸಲ ಗಂಜಿ ಮಾಡಿ, ಸಂಜೆವರೆಗೆ ಅದನ್ನೇ ಕೊಡುತ್ತಿದ್ದಳು. ಏಪ್ರಿಲ್‌ನಲ್ಲಿ ನಮ್ಮ ವಿಜಯಪುರದ ಬಿಸಿಲು ಹೇಳಬೇಕೇ? 40 ಡಿಗ್ರಿ ದಾಟುತ್ತದೆ. 32 ಡಿಗ್ರಿ ಮೇಲಿನ ಸೆಕೆಯಲ್ಲಿ ಮಾಡಿದ ಅಡುಗೆ ಹೊರಗೆ ಒಂದು ಗಂಟೆ ಇದ್ದರೆ ಅಷ್ಟೇ ಸುರಕ್ಷಿತ. ಮನೆಯಲ್ಲಿ ಫ್ರಿಜ್ ಇಲ್ಲ. ಹಾಗಾಗಿ ಒಣ ಹಿಟ್ಟು ಬೆರೆಸಿ ಡಬ್ಬಿಯಲ್ಲಿಟ್ಟು, ಪ್ರತಿ ಸಲ ಹೊಸದಾಗಿ ಬೇಯಿಸುವುದು ಎಂದು ಮಾಡಿದೆವು. ಅವಳಿಗೆ ಕೆಲಸ ಹೆಚ್ಚಾಯಿತು, ಅದು ನಿಜ. ಮಧ್ಯಾಹ್ನದ ಎರಡು ಊಟ ಅತ್ತೆ ಕೂತಲ್ಲೇ ಮಾಡಿಕೊಡಲು ಒಪ್ಪಿದರು. ಸಿರಿಂಜಿನ ದಂಡದಿಂದ ಒತ್ತಿ ಹಾಕುವುದನ್ನೂ ಬಿಡಿಸಿದೆ. ದಂಡ ತೆಗೆದು, ಸಿರಿಂಜನ್ನು ಎತ್ತರ ಹಿಡಿದು, ತಾನಾಗಿ ಇಳಿಯಲು ಬಿಟ್ಟರೆ ಒಂದು ಲೋಟಕ್ಕೆ ಕಾಲು ಗಂಟೆ ಬೇಕು. ಹೊಟ್ಟೆಗೂ ಅದೇ ಹಿತ. ನಾಲ್ಕೈದು ದಿನದಲ್ಲಿ ಭೇದಿ ನಿಂತಿತು.

ರಾತ್ರಿಯ ಕೆಮ್ಮು

ಇದು ಈ ಪ್ರಕರಣದ ಕಷ್ಟದ ಭಾಗ. ಟ್ಯೂಬ್ ಕಟ್ಟುವುದು ನಿಂತ ಕೆಲವು ದಿನಕ್ಕೆ ರಾತ್ರಿ ಕೆಮ್ಮು ಹೆಚ್ಚಿತು, ಜ್ವರ ಬಂತು. ಹೋಗಿ ನೋಡಿದರೆ ಉಸಿರು ಜೋರಾಗಿತ್ತು, ಗಂಟಲಲ್ಲಿ ಗುಳುಗುಳು ಶಬ್ದ. ಮೂಗಿನ ಹತ್ತಿರದ ಗುರುತು 55ರಲ್ಲಿ ಇಲ್ಲ, 46ರಲ್ಲಿದೆ. ರಾತ್ರಿ ಎಡಗೈಯಿಂದ ಎಳೆದುಕೊಂಡಿದ್ದರು. ಮಗ ಹೊರಗೆ ಬಂದಷ್ಟನ್ನು ಹಾಗೇ ಬಿಟ್ಟು ಮೇಲೊಂದು ಹೊಸ ಟೇಪ್ ಅಂಟಿಸಿದ್ದ. ಗಾಳಿ ಹಾಕಿ ಹೊಟ್ಟೆಯ ಮೇಲೆ ಕಿವಿ ಇಟ್ಟು ಕೇಳಿದ್ದನಂತೆ, ಗುಡುಗುಡು ಅಂದಿತಂತೆ. ಸರಿ ಇದೆ ಅಂದುಕೊಂಡು ಗಂಜಿ ಹಾಕಿದರು.

ಗಾಳಿಯ ಶಬ್ದವನ್ನು ನಂಬಬೇಡಿ ಎಂದು ನಾನು ಪ್ರತಿ ಮನೆಯಲ್ಲೂ ಹೇಳುತ್ತೇನೆ. ಟ್ಯೂಬಿನ ತುದಿ ಅನ್ನನಾಳದಲ್ಲಿದ್ದರೂ, ಶ್ವಾಸಕೋಶದಲ್ಲಿದ್ದರೂ ಆ ಶಬ್ದ ಹೊಟ್ಟೆಯ ಮೇಲೆ ಕೇಳಿಸಬಹುದು. ತುದಿಯನ್ನು ನೀರಿನ ಬಟ್ಟಲಲ್ಲಿಟ್ಟು ಗುಳ್ಳೆ ಬರುತ್ತದೆಯೇ ಎಂದು ನೋಡುವುದೂ ಹಾಗೆಯೇ, ಭರವಸೆ ಇಲ್ಲ. ಟ್ಯೂಬಿನಿಂದ ಎಳೆದ ರಸವನ್ನು ಆಮ್ಲ ಅಳೆಯುವ ಪಿಎಚ್ ಕಾಗದಕ್ಕೆ ಹಾಕಿ 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೊಟ್ಟೆಯಲ್ಲಿದೆ ಎನ್ನಬಹುದು. ಗ್ಯಾಸಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದೂ ಮೇಲೇ ತೋರಿಸಬಹುದು. ಅನುಮಾನ ಬಂದರೆ ಎಕ್ಸ್‌ರೇ ಒಂದೇ ದಾರಿ. ಜಾರಿದ ಟ್ಯೂಬನ್ನು ಮನೆಯಲ್ಲಿ ಒಳಗೆ ತಳ್ಳಬಾರದು, ಸ್ಥಳ ಖಚಿತವಾಗುವವರೆಗೆ ಒಂದು ಹನಿ ನೀರೂ ಹಾಕಬಾರದು. ಈ ಮಾತಿನಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ಆವತ್ತೇ ಆಸ್ಪತ್ರೆಗೆ ಕಳಿಸಿದೆ. ಬಲ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ ಇತ್ತು. ಆಂಟಿಬಯಾಟಿಕ್ ಕೊಟ್ಟರು, ಹೊಸ ಟ್ಯೂಬ್ ಹಾಕಿ ಎಕ್ಸ್‌ರೇ ತೆಗೆದರು.

ಮರಳಿ ಬಂದ ಮೇಲೆ ಮನೆಯವರನ್ನೆಲ್ಲ ಕೂರಿಸಿ ಮಾತಾಡಿದೆ. ಟ್ಯೂಬ್ ಜಾರಿದ್ದು ಒಂದು ಕಾರಣ. ಗಂಜಿ ಹಾಕಿದ ಕೂಡಲೇ ಚಪ್ಪಟೆ ಮಲಗಿಸುತ್ತಿದ್ದದ್ದು ಇನ್ನೊಂದು. ಮೂರನೆಯದು ತಡವಾಗಿ ಹೊರಬಂತು. ಮಾತಾಡಿಸಲು ಬಂದ ನೆಂಟರು "ಪಾಪ, ನಾಲಿಗಿಗೆ ರುಚಿ ಇಲ್ಲ" ಎಂದು ಎರಡೆರಡು ಚಮಚ ಚಹಾ ಬಾಯಿಗೆ ಹಾಕುತ್ತಿದ್ದರು. ಅತ್ತೆಗೆ ಬೇಡ ಎನ್ನಲು ಮನಸ್ಸು ಬರಲಿಲ್ಲ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಲಕ್ವಾ ಆದವರಲ್ಲಿ ಚಹಾ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದಾಗ ಕೆಮ್ಮು ಬರಲೇಬೇಕೆಂದಿಲ್ಲ. ಸದ್ದಿಲ್ಲದೆ ಹೋಗುತ್ತದೆ. ಮೂರರಲ್ಲಿ ಯಾವುದು ನ್ಯುಮೋನಿಯಾ ತಂದಿತೋ ಬೇರ್ಪಡಿಸಿ ಹೇಳಲಾಗದು, ಹಾಗಾಗಿ ಮೂರಕ್ಕೂ ತಡೆ ಹಾಕಿದೆವು.

ಮಂಚದ ತಲೆಯ ಕಡೆ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು, ಬೆನ್ನಿಗೆ ಗಾದಿ ಮಡಿಚಿಟ್ಟು 30ರಿಂದ 45 ಡಿಗ್ರಿ ಎತ್ತರಿಸಿದೆವು. ಊಟದ ನಂತರವೂ ಒಂದು ಗಂಟೆ ಹಾಗೇ ಇರಬೇಕು. ಮೂಗಿನ ಅಂಚಿನಲ್ಲಿ ಟ್ಯೂಬಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದೆ. ಪ್ರತಿ ಊಟಕ್ಕೆ ಮೊದಲು ಗೆರೆ ನೋಡುವುದು, ಸರಿದಿದ್ದರೆ ಊಟ ಇಲ್ಲ, ಫೋನ್. ಬಾಯಿಂದ ಏನೂ ತಿನ್ನದಿದ್ದರೂ ದಿನಕ್ಕೆ ಎರಡು ಸಲ ಹಲ್ಲು, ನಾಲಿಗೆ ಉಜ್ಜುವುದನ್ನು ಕಲಿಸಿದೆ. ಕೊಳಕು ಬಾಯಿಯ ಜೊಲ್ಲು ಒಳಗೆ ಇಳಿದರೂ ನ್ಯುಮೋನಿಯಾ ಆಗುತ್ತದೆ. ನೆಂಟರಿಗಾಗಿ ಬಾಗಿಲ ಬಳಿ ಮಗನೇ ಒಂದು ರಟ್ಟಿನಲ್ಲಿ 'ಬಾಯಿಗೆ ಏನೂ ಹಾಕಬೇಡಿ' ಎಂದು ಬರೆದು ತೂಗುಹಾಕಿದ. ಸೊಸೆ ಅಳುತ್ತಿದ್ದಳು, ತನ್ನಿಂದಲೇ ಆಯಿತು ಎಂದು. ಆಸ್ಪತ್ರೆಯಿಂದ ಬಿಡುವಾಗ ಹತ್ತು ನಿಮಿಷ ಕೂರಿಸಿ ಇದನ್ನೆಲ್ಲ ಅವಳ ಕೈಯಿಂದಲೇ ಒಮ್ಮೆ ಮಾಡಿಸಿದ್ದರೆ ಇದರಲ್ಲಿ ಹೆಚ್ಚಿನದು ಆಗುತ್ತಲೇ ಇರಲಿಲ್ಲ. ಅವಳಿಗೆ ಹಾಗೆಯೇ ಹೇಳಿದೆ.

ಹೊಟ್ಟೆಯ ಟ್ಯೂಬ್

ಆರು ವಾರ ಕಳೆದರೂ ನುಂಗುವುದು ಸುಧಾರಿಸಲಿಲ್ಲ. ಮೂಗಿನ ಹೊಳ್ಳೆ ಒರೆದು ಹುಣ್ಣಾಗಿತ್ತು. ಡಾಕ್ಟರ್ ಪೆಗ್ ಟ್ಯೂಬ್ ಸೂಚಿಸಿದರು. ಎಂಡೋಸ್ಕೋಪಿ ಮಾಡಿ, ಹೊಟ್ಟೆಯ ಚರ್ಮದಿಂದ ನೇರ ಜಠರಕ್ಕೆ ಹಾಕುವ ಟ್ಯೂಬ್. "ಹೊಟ್ಟಿಗೆ ತೂತು ಹಾಕ್ತಾರಂತ" ಎಂದು ಅತ್ತೆ ಗಾಬರಿಯಾದರು. ಈ ವಿಧಾನ 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮೊದಲು ಮಾಡಿದ್ದು ಒಂದು ಕೈಗೂಸಿಗೆ ಎಂದು ಹೇಳಿದ ಮೇಲೆ ಅವರ ಮುಖ ಸ್ವಲ್ಪ ಹಗುರಾಯಿತು. ಮೇ ತಿಂಗಳಲ್ಲಿ ಹಾಕಿಸಿದರು.

ಅದರ ಆರೈಕೆ ಸುಲಭ. ದಿನವೂ ಸೋಪು ನೀರಿನಿಂದ ಸುತ್ತ ತೊಳೆದು ಒಣಗಿಸುವುದು. ಗಾಯ ಆರಿದ ಮೇಲೆ ದಿನಕ್ಕೊಮ್ಮೆ ಟ್ಯೂಬನ್ನು ಒಂದು ಸುತ್ತು ತಿರುಗಿಸುವುದು, ವಾರಕ್ಕೊಮ್ಮೆಯಾದರೂ ಎರಡು ಮೂರು ಸೆಂ.ಮೀ. ಒಳಗೆ ತಳ್ಳಿ ಮತ್ತೆ ಮೊದಲಿನ ಜಾಗಕ್ಕೆ ಎಳೆಯುವುದು. ಬರೀ ತಿರುಗಿಸಿದರೆ ಸಾಲದು, ಟ್ಯೂಬನ್ನು ಹಿಡಿದಿಡುವ ಒಳಗಿನ ಬಿಲ್ಲೆ ಜಠರದ ಗೋಡೆಯಲ್ಲಿ ಹೂತುಕೊಳ್ಳಬಹುದು. ನೀರಿನ ನಿಯಮ, ಮಾತ್ರೆಯ ನಿಯಮ, ತಲೆ ಎತ್ತರದ ನಿಯಮ ಎಲ್ಲ ಹಿಂದಿನಂತೆಯೇ. ಪೆಗ್ ಹಾಕಿದರೆ ನ್ಯುಮೋನಿಯಾ ಭಯ ಹೋಯಿತು ಎಂದು ಕೆಲವರು ತಿಳಿಯುತ್ತಾರೆ. ಹೋಗುವುದಿಲ್ಲ.

ಜುಲೈನಲ್ಲಿ ಒಂದು ಸಂಜೆ ಟ್ಯೂಬ್ ಪೂರ್ತಿ ಹೊರಗೆ ಬಂತು. ಬಟ್ಟೆ ಬದಲಿಸುವಾಗ ಸಿಕ್ಕಿಕೊಂಡಿತ್ತು. ಹಾಕಿ ನಾಲ್ಕು ವಾರದ ಒಳಗೆ ಹೀಗಾದರೆ ಅದು ತುರ್ತು ಪರಿಸ್ಥಿತಿ. ದಾರಿ ಇನ್ನೂ ಗಟ್ಟಿಯಾಗಿರುವುದಿಲ್ಲ, ಯಾರೂ ಏನನ್ನೂ ತೂರಿಸಬಾರದು. ಇವರದು ಎರಡು ತಿಂಗಳಾಗಿತ್ತು, ದಾರಿ ಗಟ್ಟಿಯಾಗಿತ್ತು. ಆದರೆ ಟ್ಯೂಬ್ ಇಲ್ಲದಿದ್ದರೆ ಆ ತೂತು ಕೆಲವೇ ಗಂಟೆಗಳಲ್ಲಿ ಮುಚ್ಚಲು ಶುರುವಾಗುತ್ತದೆ, ಬೆಳಗಿನವರೆಗೆ ಕಾಯುವಂತಿಲ್ಲ. ಸೊಸೆ ಸ್ವಚ್ಛ ಬಟ್ಟೆ ಮುಚ್ಚಿ, ಬಿದ್ದ ಟ್ಯೂಬನ್ನು ಚೀಲದಲ್ಲಿ ಹಾಕಿಕೊಂಡು, ರಾತ್ರಿಯ ಊಟ, ಮಾತ್ರೆ, ಇನ್ಸುಲಿನ್ ಮೂರನ್ನೂ ತಡೆಹಿಡಿದು ಡಾಕ್ಟರ್‌ಗೆ ಫೋನ್ ಮಾಡಿಯೇ ಹೊರಟಿದ್ದಳು. ನನಗೆ ಫೋನ್ ಬಂದದ್ದು ದಾರಿಯಿಂದ. ಆಸ್ಪತ್ರೆಯಲ್ಲಿ ಮೂತ್ರಕ್ಕೆ ಹಾಕುವ ಫೋಲೆ ಕ್ಯಾತಿಟರ್ ಇಟ್ಟು ದಾರಿ ತೆರೆದಿಟ್ಟರು. ಮರುದಿನ, ನೀರು ತುಂಬಿದ ಬಲೂನಿನಿಂದ ಒಳಗೆ ನಿಲ್ಲುವ ಹೊಸ ಟ್ಯೂಬ್ ಹಾಕಿ, ಜಠರದಲ್ಲೇ ಇದೆ ಎಂದು ಖಚಿತಪಡಿಸಿಕೊಂಡ ಮೇಲೆ ಊಟ ಶುರು ಮಾಡಿದರು.

ಈಗ ತೂಕ 54 ಕೆಜಿ. ವಾರಕ್ಕೊಮ್ಮೆ ಬಲೂನಿನ ನೀರು ಎಳೆದು ಅಳತೆ ನೋಡುತ್ತಾರೆ, ಕಡಿಮೆಯಾಗಿದ್ದರೆ ಟ್ಯೂಬಿನ ಮೇಲೆ ಬರೆದಷ್ಟು ತುಂಬುತ್ತಾರೆ. ನುಂಗುವ ತರಬೇತಿ ಕೊಡುವ ಥೆರಪಿಸ್ಟ್ ನೇರ ಕೂರಿಸಿ, ದಿನಕ್ಕೊಮ್ಮೆ ಕೆಲವು ಚಮಚ ಗಟ್ಟಿ ಮೊಸರು ಬಾಯಿಂದ ಕೊಡಲು ಒಪ್ಪಿದ್ದಾರೆ. ಉಳಿದ ಊಟ, ನೀರು, ಮಾತ್ರೆ ಎಲ್ಲ ಟ್ಯೂಬಿನಿಂದಲೇ.